ಕಾಂಗ್ ಯಾಟ್ಸೆಗೆ ಬುಕ್ ಮಾಡುವ ಮುಂಚೆ ರಾತ್ರಿಗಳನ್ನು ಎಣಿಸಿ

ಆಗಸ್ಟ್‌ನಲ್ಲಿ ನಾನು, ನನ್ನ ಭಾವಮೈದ ಲಡಾಖ್‌ನ ಕಾಂಗ್ ಯಾಟ್ಸೆ-2 ಹತ್ತೋಕೆ ಹೋಗಿದ್ದೆವು. ಹತ್ತಲಿಲ್ಲ. ಅವನು ಉಳಿದು ಬಂದಿದ್ದೇ ದೊಡ್ಡದು. ಮುಂದಿನ ಸೀಸನ್‌ಗೆ ದುಡ್ಡು ಕಟ್ಟೋಕೆ ಹೊರಟವರು ಒಮ್ಮೆ ಓದಿ ಅಂತ ಬರೆಯುತ್ತಿದ್ದೇನೆ. ಕರೆದುಕೊಂಡು ಹೋದ ಟ್ರೆಕ್ಕಿಂಗ್ ಕಂಪನಿಯ ಹೆಸರು ಹಾಕುವುದಿಲ್ಲ. ಇಂಥವು ಒಂದೆರಡಲ್ಲ.

ಇದು 6,250 ಮೀಟರ್ ಎತ್ತರದ ಶಿಖರ. 2020ರಲ್ಲಿ ಲೇಹ್ ಹತ್ತಿರದ ಸ್ಟೋಕ್ ಕಾಂಗ್ರಿ ಶಿಖರ ಮುಚ್ಚಿದ ಮೇಲೆ, ಮೊದಲ ಸಲ ಆರು ಸಾವಿರ ಮೀಟರ್ ಮುಟ್ಟಬೇಕು ಅನ್ನುವವರು ಇದರ ಕಡೆ ತಿರುಗಿದ್ದಾರೆ. 'ಹೊಸಬರೂ ಹತ್ತಬಹುದು' ಅಂತ ಜಾಹೀರಾತು. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರು ನಾವು, ನಮಗೇನು ಕಷ್ಟ ಅಂದುಕೊಂಡೆವು. ಆದರೆ ಕುಮಾರಪರ್ವತ 1,712 ಮೀಟರ್. ಲೇಹ್‌ನಲ್ಲಿ ವಿಮಾನ ಇಳಿದಾಗಲೇ 3,500ರಲ್ಲಿ ಇರುತ್ತೀರಿ.

ಬೇರೆ ಕಡೆಗಿಂತ ಹದಿನೆಂಟು ಸಾವಿರ ರೂಪಾಯಿ ಕಮ್ಮಿ ಹೇಳಿದ್ದರು. ಎಲ್ಲಿ ಕಮ್ಮಿ ಮಾಡಿದ್ದಾರೆ ಅಂತ ನಾನು ಕೇಳಲೇ ಇಲ್ಲ. ದಿನಗಳನ್ನು ಕಿತ್ತು ಕಮ್ಮಿ ಮಾಡಿದ್ದರು. ಮಾರ್ಖಾ ಕಣಿವೆಯಲ್ಲಿ ನಿಧಾನಕ್ಕೆ ನಡೆದು ಹೋಗುವ ಬದಲು ಚೋಕ್ದೋ ಕಡೆಯಿಂದ ಸೀದಾ ಕೊಂಗ್ಮಾರು ಲಾ ಅನ್ನುವ ಕಣಿವೆದಾರಿ (ಪಾಸ್) ದಾಟಿ ನಿಮಾಲಿಂಗ್ ಕ್ಯಾಂಪಿಗೆ. ಲೇಹ್‌ನಲ್ಲಿ ಎರಡು ರಾತ್ರಿ, ದಾರಿಯಲ್ಲಿ ಒಂದು, ನಿಮಾಲಿಂಗ್‌ನಲ್ಲಿ ಒಂದು. ಐದನೇ ರಾತ್ರಿ 5,100 ಮೀಟರ್ ಆಸುಪಾಸಿನ ಬೇಸ್ ಕ್ಯಾಂಪ್, ಅದೇ ರಾತ್ರಿ ಶಿಖರಕ್ಕೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ನೆ ಇರಬೇಕು ಅಂತ ಡಾಕ್ಟರುಗಳು ಹೇಳುವುದನ್ನು ನಾನು ಓದಿದ್ದು ವಾಪಸ್ ಬಂದ ಮೇಲೆ.

ನಿಮಾಲಿಂಗ್‌ನಲ್ಲೇ ಅವನಿಗೆ ತಲೆನೋವು ಶುರುವಾಗಿತ್ತು. ಊಟ ಬೇಡ ಅಂದ. "ಎಲ್ಲರಿಗೂ ಆಗುತ್ತೆ, ಬೆಳ್ಳುಳ್ಳಿ ಸೂಪ್ ಕುಡೀರಿ" ಅಂದ ಲೀಡರ್. ಡೈಮಾಕ್ಸ್ ತಗೊಂಡಿದ್ದೀರಲ್ಲ, ಭಯ ಇಲ್ಲ ಅಂತ ಬೇರೆ. ಆ ಮಾತ್ರೆ ಎತ್ತರಕ್ಕೆ ಮೈ ಒಗ್ಗೋಕೆ ಸಹಾಯ ಮಾಡುತ್ತದೆ ಅಷ್ಟೇ. ಆಗಲೇ ತಲೆ ಸಿಡಿಯುತ್ತಿರುವವನನ್ನು ಇನ್ನೂ ಮೇಲಕ್ಕೆ ಕರೆದುಕೊಂಡು ಹೋಗೋಕೆ ಅದು ಪರ್ಮಿಷನ್ ಅಲ್ಲ.

ಬೇಸ್ ಕ್ಯಾಂಪಿನಲ್ಲಿ ಸಾಮಾನು ಹಂಚಿದರು. ನಾನು ಎಂಟನೇ ನಂಬರ್ ಬೂಟು ಬರೆಸಿದ್ದೆ, ಬಂದಿದ್ದು ಹತ್ತು. ಕ್ರ್ಯಾಂಪಾನ್, ಅಂದರೆ ಹಿಮದಲ್ಲಿ ಜಾರದ ಹಾಗೆ ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳು, ಅದಕ್ಕೆ ಕೂರುತ್ತಿರಲಿಲ್ಲ. ಹಿಮ್ಮಡಿ ಹತ್ತಿರ ಒಂದು ಬೆರಳು ತೂರುವಷ್ಟು ಸಂದು. ಅಡುಗೆ ಹುಡುಗ ನೈಲಾನ್ ಹಗ್ಗ ತಂದು ಬಿಗಿದು ಕಟ್ಟಿದ. ಗಟ್ಟಿಯಾದ ಹಿಮದ ಇಳಿಜಾರಿನಲ್ಲಿ ಆ ಹಗ್ಗದ ಮೇಲೆ ನನ್ನ ಜೀವ ನಿಂತಿರಬೇಕಿತ್ತು.

ರಾತ್ರಿ ಹನ್ನೊಂದಕ್ಕೆ ಎದ್ದೆವು. ಭಾವಮೈದ ಹೆಡ್‌ಲ್ಯಾಂಪ್ ಬೆಳಕಲ್ಲಿ ಹಾರ್ನೆಸ್ (ಹಗ್ಗ ಕಟ್ಟೋಕೆ ಸೊಂಟ, ತೊಡೆಗೆ ಹಾಕುವ ಪಟ್ಟಿ) ಹಿಡಿದು ಕೂತಿದ್ದ. ನನ್ನದು ಹಾಕಿಕೊಂಡು ತಿರುಗಿ ನೋಡಿದರೆ ಅವನು ಹಾಗೇ ಕೂತಿದ್ದಾನೆ. "ಭಾವ, ಕಾಲು ಎಲ್ಲಿ ಹಾಕೋದು ಇದರಲ್ಲಿ?" ಅಂದ. ಹಿಂದಿನ ದಿನ ನನಗೆ ಹಾರ್ನೆಸ್ ಹಾಕಿ ತೋರಿಸಿದ್ದವನೇ ಅವನು. ಎದ್ದು ನಿಂತರೆ ಕುಡಿದವನ ಹಾಗೆ ತೂರಾಡಿದ.

"ಟೆಂಟಲ್ಲಿ ಮಲಗಿರಲಿ, ನೀವು ಬನ್ನಿ, ಮಧ್ಯಾಹ್ನದೊಳಗೆ ಬಂದುಬಿಡೋಣ" ಅಂದ ಲೀಡರ್. ನಿಜ ಹೇಳಬೇಕು ಅಂದ್ರೆ, ಎರಡು ನಿಮಿಷ ನಾನೂ ಯೋಚನೆ ಮಾಡಿದೆ. ಅಷ್ಟು ದುಡ್ಡು, ಅಷ್ಟು ರಜೆ ಸುರಿದಾಗಿತ್ತು. ಪಕ್ಕದ ತಂಡದ ಲಡಾಖಿ ಗೈಡ್ ಒಬ್ಬರು ಗಲಾಟೆ ಕೇಳಿ ಬಂದರು. ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸಿ ನಡಿ ಅಂದರು. ಮೂರು ಹೆಜ್ಜೆ ಹಾಕೋಕಾಗಲಿಲ್ಲ. ಮಿದುಳಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತಿದೆ, ಈಗಲೇ ಇಳಿಸಿ, ಬೆಳಗಾಗೋವರೆಗೂ ಕಾಯಬೇಡಿ ಅಂದರು. ಆ ಊತ ತಗ್ಗಿಸುವ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಟ್ಟವರೂ ಅವರೇ. ನಮ್ಮ ತಂಡದ ಹತ್ತಿರ ಆಕ್ಸಿಜನ್ ಸಿಲಿಂಡರ್ ಇತ್ತು, ಮಾಸ್ಕ್ ಇರಲಿಲ್ಲ.

ಇನ್ನೊಂದು ಪಜೀತಿ ನೋಡಿ. ನಾವು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಅಂದರೆ ನಿಮಾಲಿಂಗ್‌ವರೆಗೆ ಇಳಿದು ಮತ್ತೆ ಕೊಂಗ್ಮಾರು ಲಾ ಹತ್ತಬೇಕು. ಅದೂ 5,100 ಮೀಟರ್‌ಗಿಂತ ಮೇಲೆ. ಇಳಿಸಲೇಬೇಕಾದವನನ್ನು ಹತ್ತಿಸೋದು ಹೇಗೆ? ಕೊನೆಗೆ ಕುದುರೆ ಹಿಡಿದು, ಮಾರ್ಖಾ ಕಡೆಯ ಉದ್ದ ದಾರಿಯಲ್ಲಿ ಹಂಕರ್ ಹಳ್ಳಿ ಕಡೆಗೆ ಇಳಿದೆವು. ಇಳಿದ ಹಾಗೆಲ್ಲ ಅವನ ಮಾತು ತಿಳಿಯಾಯಿತು. ಬೆಳಕು ಹರಿದ ಮೇಲೆ ಟೀ ಸಿಗುತ್ತಾ ಅಂದ. ನನಗೆ ಅಳು ಬಂತು.

ಆದ್ದರಿಂದ ರೇಟ್ ಕೇಳುವ ಮೊದಲು ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ಬರೆಸಿಕೊಳ್ಳಿ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಯಾವ ದಾರಿಯಲ್ಲಿ, ಯಾರು ಇಳಿಸುತ್ತಾರೆ ಅಂತಲೂ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಬೂಟು, ಕ್ರ್ಯಾಂಪಾನ್ ಎರಡನ್ನೂ ಲೇಹ್‌ನಲ್ಲೇ ಜೋಡಿಸಿ ನೋಡಿ. ಪ್ಯಾಕೇಜಿನ ಜೊತೆ ಕೊಟ್ಟ ಇನ್ಶೂರೆನ್ಸ್ ಕಾಗದವನ್ನೂ ಪೂರ್ತಿ ಓದಿ. ನಮ್ಮದು 4,500 ಮೀಟರ್‌ವರೆಗೆ ಮಾತ್ರ ಅಂತ ಗೊತ್ತಾಗಿದ್ದು ಲೇಹ್‌ನ ಆಸ್ಪತ್ರೆಯಲ್ಲಿ ಕೂತಿದ್ದಾಗ.

ದುಡ್ಡು ವಾಪಸ್ ಕೇಳಿದ್ದಕ್ಕೆ, ನೀವಾಗಿಯೇ ಇಳಿದು ಹೋದಿರಿ ಅಂತ ಉತ್ತರ ಬಂತು. ಕುದುರೆ ಬಾಡಿಗೆಯೂ ನಮ್ಮದೇ. ಮೊನ್ನೆ ಅದೇ ಕಂಪನಿಯಿಂದ ಇನ್ನೊಂದು ಮೇಲ್ ಬಂದಿದೆ, ಕಾಂಗ್ ಯಾಟ್ಸೆ ಶಿಖರ ಹತ್ತಿದ್ದಕ್ಕೆ ಇಬ್ಬರಿಗೂ ಸರ್ಟಿಫಿಕೇಟ್. ಅವನ ಹೆಸರು ತಪ್ಪಾಗಿ ಅಚ್ಚಾಗಿದೆ.