ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನ: ದೂರ ಎಷ್ಟು, ಯಾರಿಗೆ ಸರಿ?

ಸಿಂಗಪುರ ಏರ್‌ಲೈನ್ಸ್‌ನ ಈ ಮಾರ್ಗದಲ್ಲಿ ಜೆಎಫ್‌ಕೆ ನಿಲ್ದಾಣಕ್ಕೆ 15,349 ಕಿ.ಮೀ., ಹೆಚ್ಚುಕಡಿಮೆ 18 ಗಂಟೆ 40 ನಿಮಿಷ. ದೂರದ ಲೆಕ್ಕ ಮನೆಯಲ್ಲೇ ಮಾಡಬಹುದು. ಸಿಂಗಪುರ 104 ಡಿಗ್ರಿ ಪೂರ್ವಕ್ಕಿದೆ, ನ್ಯೂಯಾರ್ಕ್ 74 ಡಿಗ್ರಿ ಪಶ್ಚಿಮಕ್ಕಿದೆ. ಎರಡೂ ಸೇರಿದರೆ 178, ಭೂಗೋಳದ ಅರ್ಧ ಸುತ್ತಾದ 180ಕ್ಕೆ ತೀರ ಹತ್ತಿರ. ಅಂದರೆ ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದರೆ ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. ಸಿಂಗಪುರದಿಂದ ಧ್ರುವಕ್ಕೆ 88.6 ಡಿಗ್ರಿ, ಅಲ್ಲಿಂದ ನ್ಯೂಯಾರ್ಕ್‌ಗೆ 49.4. ಒಟ್ಟು 138, ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿದರೆ ಹೆಚ್ಚುಕಡಿಮೆ ಮೇಲಿನ ದೂರವೇ ಸಿಗುತ್ತದೆ.

ಆದರೆ ವಿಮಾನ ಆ ದಾರದ ದಾರಿಯನ್ನೇ ಹಿಡಿಯಬೇಕೆಂದಿಲ್ಲ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವುದರಿಂದ ಹೋಗುವಾಗ ಹೆಚ್ಚಾಗಿ ಪೆಸಿಫಿಕ್ ಮೇಲೆ, ಬರುವಾಗ ಎಷ್ಟೋ ಸಲ ಅಟ್ಲಾಂಟಿಕ್ ಮೇಲೆ ಹಾರುತ್ತಾರೆ. ಕಿಲೋಮೀಟರ್ ಹೆಚ್ಚಿದರೂ ಸಮಯ, ಇಂಧನ ಉಳಿಯುತ್ತದೆ.

ವಿಮಾನ ಏರ್‌ಬಸ್ ಎ350-900ಯುಎಲ್‌ಆರ್. ಇಂಧನ 1,65,000 ಲೀಟರ್. ಭಾರ ತಗ್ಗಿಸಲು ಸೀಟು ಕೇವಲ 161: ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಸಾಮಾನ್ಯ ಎಕಾನಮಿ ಇಲ್ಲವೇ ಇಲ್ಲ. ಅದು ಬೇಕಿದ್ದವರಿಗೆ ಇದೇ ಕಂಪನಿಯ ಫ್ರಾಂಕ್‌ಫರ್ಟ್ ಮಾರ್ಗದ ವಿಮಾನವಿದೆ, ಕೆಲವು ಗಂಟೆ ಹೆಚ್ಚು ಹಿಡಿಯುತ್ತದೆ.

ಪ್ರೀಮಿಯಂ ಎಕಾನಮಿಯಲ್ಲಿ ಸೀಟುಗಳು 2-4-2, ಸಾಲಿಂದ ಸಾಲಿಗೆ 38 ಇಂಚು. ನಡುವಿನ ನಾಲ್ಕರಲ್ಲಿ ಒಳಗಿನ ಎರಡು ಸೀಟು ಖಂಡಿತ ಬೇಡ. ಇಷ್ಟು ಹೊತ್ತಿನ ಪಯಣದಲ್ಲಿ ಏಳಬೇಕಾದಾಗಲೆಲ್ಲ ಪಕ್ಕದವರನ್ನು ಎಬ್ಬಿಸಬೇಕು. ಹಿಂದಿನ 40ರಿಂದ 42ನೇ ಸಾಲಿನಲ್ಲಿ ವಿಮಾನದ ಒಡಲು ಕಿರಿದಾಗುವ ಕಾರಣ ಕಿಟಕಿ ಪಕ್ಕ ಒಂದೊಂದೇ ಸೀಟು, ಒಟ್ಟು ಆರು. ಕಿಟಕಿಗೂ ಸೀಟಿಗೂ ನಡುವೆ ಸಾಮಾನಿಡುವ ಪೆಟ್ಟಿಗೆಯೂ ಇದೆ. ಒಬ್ಬರೇ ಹೋಗುವವರು ಹೆಚ್ಚಿನ ಹಣ ಕೊಟ್ಟಾದರೂ ಇದನ್ನೇ ಹಿಡಿಯಿರಿ, ಅಷ್ಟು ವ್ಯತ್ಯಾಸವಾಗುತ್ತದೆ. ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಕನಿಷ್ಠ 24 ಗಂಟೆ ಮೊದಲೇ ಹೇಳಿಡಿ.

ಬೇಸಿಗೆಯಲ್ಲಿ ಎರಡೂ ಊರಿಗೆ ಸರಿಯಾಗಿ 12 ಗಂಟೆ ಅಂತರ, ಮುಳ್ಳಿನ ಗಡಿಯಾರ ತಿರುಗಿಸುವ ಕೆಲಸವೇ ಇಲ್ಲ. ನವೆಂಬರ್‌ನ ಮೊದಲ ಭಾನುವಾರದಿಂದ ಮಾರ್ಚ್‌ನ ಎರಡನೇ ಭಾನುವಾರದವರೆಗೆ 13. ಎಡವುವುದು ತಾರೀಖಿನಲ್ಲಿ. ಬೇಸಿಗೆಯಲ್ಲಿ ರಾತ್ರಿ 11.30ಕ್ಕೆ ಹೊರಟರೆ ಇಳಿಯುವುದು ಮರುದಿನ ಬೆಳಗ್ಗೆ ಆರರ ಸುಮಾರಿಗೆ. ಹೋಟೆಲ್ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ. ಇಳಿದ ಕೂಡಲೇ ಮಲಗಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಕಾದಿರಿಸಬೇಕು.

ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ ಹೊರಟವರು ಇದನ್ನು ಹಿಡಿದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ: ಸಿಂಗಪುರ ಸುತ್ತಿ ಸುಮಾರು 18,500 ಕಿ.ಮೀ., ದುಬೈ ಮೇಲೆ ಹೋದರೆ 14,000ದ ಒಳಗೆ. ಸಿಂಗಪುರದಲ್ಲೇ ನೆಲೆಸಿದ ಕನ್ನಡಿಗರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಆಯ್ಕೆ ಕಾಣುವುದಿಲ್ಲ. ನ್ಯೂಜೆರ್ಸಿಯ ಎಡಿಸನ್ ಕಡೆ ನೆಂಟರಿದ್ದರೆ ಜೆಎಫ್‌ಕೆ ಬದಲು ನ್ಯೂವಾರ್ಕ್‌ಗೆ ಹೋಗುವ ನೇರ ವಿಮಾನವನ್ನೇ ನೋಡಿ. ಇಳಿದ ಮೇಲೆ ನ್ಯೂಯಾರ್ಕ್ ನಗರದ ದಟ್ಟಣೆ ದಾಟಬೇಕಾಗಿಲ್ಲ.