ಕೊಂಬಣ್ಣನ ಗೂಡಿಗೆ ರಾತ್ರಿಯ ಮಂಜು: ಹದಿನಾಲ್ಕು ತಿಂಗಳು ಬಳಸಿದ ಯಂತ್ರದ ಬಗ್ಗೆ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಗೂಡನ್ನು ತಂಪಾಗಿಡುತ್ತದೆ’ ಎಂದು ಬರೆದಿತ್ತು. ಆ ಒಂದು ಸಾಲನ್ನು ನಂಬಿ, ನನ್ನ ಊಸರವಳ್ಳಿ ಕೊಂಬಣ್ಣನ ಗೂಡಿಗಾಗಿ ನಾನು ಈ ಮಂಜು ಯಂತ್ರವನ್ನು ಕೊಂಡೆ. ಅದು ಗೂಡನ್ನು ತಂಪಾಗಿಡುವುದಿಲ್ಲ. ಆದರೂ ಹದಿನಾಲ್ಕು ತಿಂಗಳಿಂದ ಹೆಚ್ಚುಕಡಿಮೆ ಪ್ರತಿ ರಾತ್ರಿ ಅದನ್ನು ಓಡಿಸುತ್ತಿದ್ದೇನೆ, ನಾಳೆ ಅದು ಕೆಟ್ಟರೆ ಅಂಥದ್ದೇ ಇನ್ನೊಂದನ್ನು ತರುತ್ತೇನೆ. ಈ ಎರಡು ಮಾತೂ ಹೇಗೆ ನಿಜ ಎನ್ನುವುದನ್ನು ವಿವರವಾಗಿ ಹೇಳಬೇಕಾಗಿದೆ. ನನಗೆ ಅದು ಮೊದಲೇ ಗೊತ್ತಿದ್ದರೆ ಕೊಂಬಣ್ಣ ಆರು ವಾರ ನರಳಬೇಕಾಗಿರಲಿಲ್ಲ.

ಕೊಂಬಣ್ಣ ಜಾಕ್ಸನ್ ಜಾತಿಯ ಗಂಡು ಊಸರವಳ್ಳಿ. ಮೂಗಿನ ತುದಿಯಲ್ಲಿ ಒಂದು, ಕಣ್ಣುಗಳ ಹತ್ತಿರ ಎರಡು, ಹೀಗೆ ಮೂರು ಕೊಂಬು. ಸಾಕಣೆಯಲ್ಲೇ ಹುಟ್ಟಿದವನು, ಕಾಗದಪತ್ರಗಳೆಲ್ಲ ಇವೆ. ಈ ಜಾತಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಎರಡನೆಯ ಅನುಬಂಧದಲ್ಲಿ, ಅಂದರೆ ಪರವಾನಗಿಯೊಂದಿಗೆ ಮಾತ್ರ ದೇಶದಿಂದ ದೇಶಕ್ಕೆ ಸಾಗಿಸಬಹುದಾದ ಜೀವಿಗಳ ಪಟ್ಟಿಯಲ್ಲಿದೆ. ಆದ್ದರಿಂದ ಕಾಗದವಿಲ್ಲದ ಪ್ರಾಣಿಯನ್ನು ಯಾರೂ ಮನೆಗೆ ತರಬಾರದು. ಇವನ ಮೂಲ ನೆಲೆ ಕೀನ್ಯಾ ಮತ್ತು ಟಾಂಜಾನಿಯಾದ ಬೆಟ್ಟಗಳು, ಸಮುದ್ರಮಟ್ಟದಿಂದ ಸುಮಾರು 1,600 ಮೀಟರಿನಿಂದ ಮೇಲಕ್ಕೆ. ಅಲ್ಲಿ ಹಗಲು ಹಿತವಾದ ಬಿಸಿಲು. ಸಂಜೆಯಾದೊಡನೆ ಚಳಿ ಇಳಿಯುತ್ತದೆ, ನಸುಕಿನಲ್ಲಿ ಮಂಜು ಕವಿಯುತ್ತದೆ. 1972ರಲ್ಲಿ ಹವಾಯಿಗೆ ತಂದ ಜಾಕ್ಸನ್ ಊಸರವಳ್ಳಿಗಳು ತಪ್ಪಿಸಿಕೊಂಡು ಕಾಡು ಸೇರಿದಾಗಲೂ ಹೆಚ್ಚಾಗಿ ನೆಲೆಯೂರಿದ್ದು ತಂಪಾದ, ಒದ್ದೆಯಾದ ಎತ್ತರದ ಜಾಗಗಳಲ್ಲಿ. ಆಫ್ರಿಕಾದ ಪ್ರಾಣಿ ಎಂದೊಡನೆ ಬಿಸಿಲನ್ನು ನೆನೆಯುವವರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಯಂತ್ರ ಸರಳವಾಗಿದೆ. ಎರಡು ಲೀಟರಿನ ನೀರಿನ ಟ್ಯಾಂಕ್, ಅದರ ತಳದಲ್ಲಿ ಅಲ್ಟ್ರಾಸಾನಿಕ್ ಬಿಲ್ಲೆ, ಪುಟ್ಟ ಫ್ಯಾನ್, ಒಂದೂವರೆ ಮೀಟರ್ ಉದ್ದದ ಸುರುಳಿ ಪೈಪ್. ಬಿಲ್ಲೆ ಕಿವಿಗೆ ಕೇಳಿಸದಷ್ಟು ವೇಗದಲ್ಲಿ ಕಂಪಿಸಿ ನೀರನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಫ್ಯಾನ್ ಅವನ್ನು ಪೈಪಿನೊಳಗೆ ತಳ್ಳುತ್ತದೆ. ನೀರು ಕುದಿಯುವುದಿಲ್ಲ, ಆದ್ದರಿಂದ ಹೊರಬರುವುದು ಬಿಸಿ ಆವಿಯಲ್ಲ, ಮಂಜೇ. ಕೈ ಒಡ್ಡಿದರೆ ತಣ್ಣಗೆನಿಸುತ್ತದೆ. ನಾನು ಮೋಸಹೋದದ್ದು ಇಲ್ಲಿಯೇ.

ಅಂಗೈಯ ಬಿಸಿಗೆ ಹನಿ ಆರುವಾಗ ಚರ್ಮ ತಣ್ಣಗಾಗುತ್ತದೆ, ಅದು ನಿಜ. ಗೂಡಿನ ಗಾಳಿ ಒಣಗಿದ್ದರೆ ಅಲ್ಲಿಯೂ ಮೊದಲಿಗೆ ಒಂದೆರಡು ಡಿಗ್ರಿ ಇಳಿಯಬಹುದು. ಆದರೆ ಗಾಳಿ ತೇವದಿಂದ ತುಂಬಿತೆಂದರೆ ಹನಿ ಆರುವುದು ನಿಂತುಹೋಗುತ್ತದೆ, ತಂಪೂ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಉಳಿಯುವುದು ಬೆಚ್ಚಗಿನ, ಒದ್ದೆಯಾದ ಗಾಳಿ. ಬೆಟ್ಟದ ಊಸರವಳ್ಳಿಯ ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಮಂಜು ಬಿಡಿ ಎಂದಿತ್ತು. ನಾನು ಹಾಗೆಯೇ ಮಾಡಿದೆ. ರಾತ್ರಿಯೂ ಬಿಟ್ಟೆ. ಗೂಡಿನೊಳಗೆ ಹಗಲು 28 ಡಿಗ್ರಿ, ರಾತ್ರಿ 24, ತೇವಾಂಶ ಸದಾ ಶೇಕಡ 90ರ ಆಸುಪಾಸು. ಎಲೆಗಳ ಮೇಲೆ ನೀರು ಮಿನುಗುತ್ತಿತ್ತು, ನೋಡಲು ಕಾಡಿನ ತುಣುಕಿನಂತಿತ್ತು. ಮೂರನೆಯ ವಾರದಲ್ಲಿ ಕೊಂಬಣ್ಣ ತಲೆಯನ್ನು ಮೇಲಕ್ಕೆತ್ತಿ, ಬಾಯಿಯನ್ನು ಸ್ವಲ್ಪ ತೆರೆದು ಕೂರತೊಡಗಿದ. ಹತ್ತಿರ ಕಿವಿಯಿಟ್ಟರೆ ಉಸಿರಿನಲ್ಲಿ ಚಿಟಚಿಟ ಸದ್ದು. ಹಗಲಿನಲ್ಲೇ ಕಣ್ಣು ಮುಚ್ಚುತ್ತಿದ್ದ. ಬಾಯಂಚಿನಲ್ಲಿ ಗುಳ್ಳೆ ಕಂಡ ದಿನ ಪಶುವೈದ್ಯರ ಬಳಿಗೆ ಓಡಿದೆ. ಶ್ವಾಸಕೋಶದ ಸೋಂಕು. ಆರು ವಾರ ಔಷಧ, ದಿನಕ್ಕೊಮ್ಮೆ ಹಿಡಿಯುವುದು, ಅವನು ಹೆದರಿ ಕಪ್ಪಾಗುವುದು, ನಾನು ಕೈ ನಡುಗದಂತೆ ಉಸಿರು ಬಿಗಿಹಿಡಿಯುವುದು. ಆ ದಿನಗಳನ್ನು ನಾನು ಮರೆತಿಲ್ಲ.

ವೈದ್ಯೆ ಯಂತ್ರದ ಬಗ್ಗೆ ಕೇಳಲೇ ಇಲ್ಲ. ‘ನಿಮ್ಮ ರಾತ್ರಿ ಎಷ್ಟು ಡಿಗ್ರಿ?’ ಎಂದು ಕೇಳಿದರು. 24 ಎಂದೆ. ‘ಮೊದಲು ಅದನ್ನು ಇಳಿಸಿ. ತಂಪಾದ ಮೇಲೆ ಮಂಜು. ತಂಪಿಲ್ಲದಿದ್ದರೆ ಮಂಜು ಬೇಡವೇ ಬೇಡ’ ಎಂದರು. ಈ ಯಂತ್ರದ ಕೈಪಿಡಿಯ ಮೊದಲ ಪುಟದಲ್ಲಿ ಇರಬೇಕಾಗಿದ್ದ ಮಾತು ಅದು.

ಊಸರವಳ್ಳಿಗೆ ತನ್ನದೇ ಆದ ಒಳಬಿಸಿ ಇಲ್ಲ. ಸುತ್ತಲಿನ ಗಾಳಿ ಎಷ್ಟೋ ದೇಹವೂ ಸರಿಸುಮಾರು ಅಷ್ಟೇ. ರಾತ್ರಿ ಬೆಚ್ಚಗಿದ್ದರೆ ನಿದ್ದೆಯಲ್ಲೂ ದೇಹದ ಕೆಲಸ ಪೂರ್ತಿ ನಡೆಯುತ್ತಿರುತ್ತದೆ, ಕೂಡಿಟ್ಟ ಶಕ್ತಿ ಕರಗುತ್ತದೆ, ಪ್ರತಿ ಉಸಿರಿನೊಂದಿಗೆ ನೀರೂ ಹೊರಹೋಗುತ್ತದೆ. ತಂಪಾದಾಗ ಎಲ್ಲವೂ ನಿಧಾನವಾಗುತ್ತದೆ. ಆಗ ಸುತ್ತ ಮಂಜಿದ್ದರೆ ಉಸಿರಿನಲ್ಲಿ ನೀರು ಹೆಚ್ಚು ನಷ್ಟವಾಗುವುದಿಲ್ಲ. ಅಂದರೆ ತಂಪು ಮತ್ತು ಮಂಜು ಜೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಟ್ಟರೆ ಒಳಿತಿಗಿಂತ ಕೆಡುಕೇ ಹೆಚ್ಚು.

ತಂಪು ತರಲು ನಾನು ಪಟ್ಟ ಪಾಡಿನಲ್ಲಿ ಮೊದಲ ಗೆಲುವು ಜಾಗ ಬದಲಾಯಿಸಿದ್ದರಿಂದ ಸಿಕ್ಕಿತು. ಗೂಡನ್ನು ಸಂಜೆ ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಟ್ಟಿದ್ದೆ. ಆ ಗೋಡೆ ನಡುರಾತ್ರಿಯವರೆಗೂ ಬಿಸಿ ಕಾರುತ್ತಿತ್ತು. ಎದುರಿನ ಗೋಡೆಯ ಪಕ್ಕಕ್ಕೆ, ಕಿಟಕಿಯ ಹತ್ತಿರಕ್ಕೆ ಸರಿಸಿದ್ದಕ್ಕೇ ಎರಡು ಡಿಗ್ರಿ ಇಳಿಯಿತು. ರಾತ್ರಿ ಉರಿಸುತ್ತಿದ್ದ ಕೆಂಪು ಬಲ್ಬನ್ನು ಕಿತ್ತು ಹಾಕಿದೆ. ಅಂಗಡಿಯವರು ರಾತ್ರಿಗೆ ಕೆಂಪು ಬೆಳಕು ಬೇಕು ಎಂದಿದ್ದರು. ಊಸರವಳ್ಳಿಗೆ ರಾತ್ರಿ ಬೇಕಾದದ್ದು ಕತ್ತಲೆ. ಫ್ಯಾನನ್ನು ಗೂಡಿನ ಕಡೆಗೆ ತಿರುಗಿಸದೆ, ಕೋಣೆಯ ಬಿಸಿ ಗಾಳಿಯನ್ನು ಹೊರಗೆ ತಳ್ಳುವಂತೆ ಕಿಟಕಿಯ ಕಡೆಗೆ ತಿರುಗಿಸಿದೆ. ನೇರ ಗಾಳಿ ಬಡಿದರೆ ಪ್ರಾಣಿ ಒಣಗುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಇಷ್ಟು ಸಾಲದೆ ಕೋಣೆಗೆ ಏಸಿ ಹಾಕಬೇಕಾಯಿತು. ವಿದ್ಯುತ್ ಹೋದ ಕೆಲವು ರಾತ್ರಿ ಮೊದಲೇ ಗಡ್ಡೆಕಟ್ಟಿಸಿಟ್ಟ ನೀರಿನ ಬಾಟಲಿಗೆ ಟವೆಲ್ ಸುತ್ತಿ, ಗೂಡಿನ ಮೇಲ್ಭಾಗದ ಜಾಲರಿಯ ಮೇಲೆ ಇಟ್ಟಿದ್ದೇನೆ. ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ, ಅವನು ಮಲಗುವ ಕೊಂಬೆ ಅದರ ಕೆಳಗೇ ಇದೆ. ಅದು ಒಂದೆರಡು ಗಂಟೆಯ ಉಪಾಯ, ಅಷ್ಟೇ. ಈಗ ಗೂಡಿನೊಳಗಿನ ರಾತ್ರಿ 15ರಿಂದ 17 ಡಿಗ್ರಿ.

ಈ ಯಂತ್ರ ತನ್ನ ಯೋಗ್ಯತೆ ತೋರಿಸಿದ್ದು ಏಸಿ ಬಂದ ಮೇಲೆಯೇ. ಏಸಿ ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆಗೆ ಅದರಲ್ಲಿನ ನೀರನ್ನೂ ಹಿಂಡಿ ತೆಗೆಯುತ್ತದೆ. ಕೋಣೆಯ ತೇವಾಂಶ ಶೇಕಡ 40ಕ್ಕೆ ಕುಸಿಯುತ್ತಿತ್ತು. ಅಂಥ ತಣ್ಣನೆಯ ಒಣ ಗಾಳಿಗೆ ಮಂಜು ಬಿಟ್ಟಾಗ ಗೂಡಿನೊಳಗೆ ನಿಜವಾದ ಬೆಟ್ಟದ ರಾತ್ರಿ ಮೂಡಿತು. ನನ್ನ ಗೂಡು ಎಲ್ಲ ಕಡೆ ಜಾಲರಿಯದು, 60 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 120 ಎತ್ತರ. ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಂಭಾಗವನ್ನೂ ಮೇಲ್ಭಾಗವನ್ನೂ ತೆರೆದೇ ಬಿಟ್ಟಿದ್ದೇನೆ. ಪೈಪ್ ಮೇಲಿನಿಂದ ಬರುತ್ತದೆ. ಮಂಜು ಭಾರವಾದ್ದರಿಂದ ಎಲೆಯಿಂದ ಎಲೆಗೆ ಇಳಿಯುತ್ತ ಬುಡ ಸೇರುತ್ತದೆ. ರಾತ್ರಿ ಒಂದು ಗಂಟೆಗೆ ಶುರು, ಐದಕ್ಕೆ ಬಂದ್, ನಡುವೆ ಅರ್ಧ ಗಂಟೆ ಓಟ, ಅರ್ಧ ಗಂಟೆ ಬಿಡುವು. ದೀಪ ಹತ್ತುವ ಮೊದಲು ಎರಡು ನಿಮಿಷ ಬೇರೆ ಸ್ಪ್ರೇಯಿಂದ ಎಲೆಗಳಿಗೆ ನೀರು ಹೊಡೆಯುತ್ತೇನೆ. ಹಗಲಿನಲ್ಲಿ ಮಂಜು ಇಲ್ಲ, ಗೂಡು ಒಣಗಲೇಬೇಕು.

ಇನ್ನು ಯಂತ್ರದ ದೋಷಗಳು. ಎಲ್ಲಕ್ಕಿಂತ ಕಿರಿಕಿರಿ ಪೈಪಿನದು. ಅದು ಎಲ್ಲಿಯಾದರೂ ಜೋತುಬಿದ್ದು ತಗ್ಗಾದರೆ ಮಂಜು ಅಲ್ಲಿ ನೀರಾಗಿ ನಿಲ್ಲುತ್ತದೆ, ದಾರಿ ಕಟ್ಟುತ್ತದೆ. ಯಂತ್ರ ಗೊರಗೊರ ಸದ್ದು ಮಾಡುತ್ತ ಬೆಳಗಿನವರೆಗೂ ಓಡಿದರೂ ಗೂಡಿಗೆ ಹೊಗೆಯಷ್ಟೂ ಮಂಜು ತಲುಪುವುದಿಲ್ಲ. ಇಂಥ ಮೂರು ರಾತ್ರಿಗಳು ನನಗೆ ಗೊತ್ತಾಗದೆ ಕಳೆದುಹೋದವು. ಈಗ ಯಂತ್ರವನ್ನು ಗೂಡಿಗಿಂತ ಕೆಳಗಿಟ್ಟು ಪೈಪನ್ನು ಎಲ್ಲಿಯೂ ಬಾಗದಂತೆ ನೇರ ಮೇಲಕ್ಕೆ ಕಟ್ಟಿದ್ದೇನೆ. ಒಳಗೆ ನಿಂತ ನೀರು ತಾನಾಗಿ ಟ್ಯಾಂಕಿಗೆ ಹಿಂದಿರುಗುತ್ತದೆ.

ಗುಂಡಿ ತಿರುಗಿಸುವ ಮಾದರಿಯನ್ನೇ ಕೊಳ್ಳಬೇಕು ಎನ್ನುವುದು ನನ್ನ ಖಚಿತ ಮಾತು. ಒತ್ತುವ ಬಟನ್ ಇರುವ ಯಂತ್ರಗಳು ಎಷ್ಟೋ ಸಲ ವಿದ್ಯುತ್ ಹೋಗಿ ಬಂದಾಗ ತಾವಾಗಿ ಚಾಲೂ ಆಗುವುದಿಲ್ಲ, ಹೊರಗಿನ ಟೈಮರಿಗೂ ಅವು ಒಗ್ಗುವುದಿಲ್ಲ. ನನ್ನದು ಗುಂಡಿಯದು, ಈ ವಿಷಯದಲ್ಲಿ ದೂರಿಲ್ಲ.

ನೀರಿನ ಬಗ್ಗೆ ಸೋಮಾರಿತನ ಸಲ್ಲದು. ನಲ್ಲಿ ನೀರು ಹಾಕಿದರೆ ಅದರಲ್ಲಿನ ಲವಣ ಮಂಜಿನ ಜೊತೆ ಹಾರಿ ಎಲೆ, ಜಾಲರಿ, ಕೊಂಬೆಗಳ ಮೇಲೆಲ್ಲ ಬಿಳಿ ಪುಡಿಯಾಗಿ ಕೂರುತ್ತದೆ. ಅವನು ಉಸಿರಾಡುವುದೂ ಅದನ್ನೇ. ಬಟ್ಟಿ ಇಳಿಸಿದ ನೀರನ್ನಷ್ಟೇ ಬಳಸಿ. ಟ್ಯಾಂಕಿನಲ್ಲಿ ಉಳಿದ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲುತ್ತೇನೆ. ನಿಂತ ನೀರಿನಲ್ಲಿ ಬೆಳೆಯುವ ರೋಗಾಣುಗಳನ್ನು ಈ ಯಂತ್ರ ನೇರವಾಗಿ ಗಾಳಿಗೆ ಎರಚುತ್ತದೆ. ವಾರಕ್ಕೊಮ್ಮೆ ವಿನೆಗರ್ ಹಾಕಿ ಬಿಲ್ಲೆಯ ಮೇಲಿನ ಕೆನೆಯಂಥ ಪದರವನ್ನು ಮೃದುವಾದ ಬ್ರಷ್‌ನಿಂದ ತೆಗೆದು, ಚೆನ್ನಾಗಿ ತೊಳೆದು, ಪೈಪನ್ನು ಪೂರ್ತಿ ಒಣಗಿಸುತ್ತೇನೆ. ಆದರೆ ಟ್ಯಾಂಕಿನ ಬಾಯಿ ಕಿರಿದು, ಕೈ ಒಳಗೆ ಹೋಗುವುದಿಲ್ಲ. ಇದನ್ನು ರೂಪಿಸಿದವರು ಒಮ್ಮೆಯಾದರೂ ತಾವೇ ತೊಳೆದು ನೋಡಿದ್ದರೆ ಬಾಯಿಯನ್ನು ಎರಡರಷ್ಟು ಅಗಲ ಮಾಡುತ್ತಿದ್ದರು ಎಂದು ನನಗೆ ಪ್ರತಿ ವಾರ ಅನಿಸುತ್ತದೆ. ಸದ್ದು ಹೆಚ್ಚಿಲ್ಲ, ಪಕ್ಕದ ಕೋಣೆಗೆ ಕೇಳಿಸುವುದಿಲ್ಲ.

ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇನ್ನೊಂದಿದೆ: ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್, ತೇವಾಂಶವನ್ನೂ ತೋರಿಸುವಂಥದ್ದು. ಅದರ ಸಂವೇದಕವನ್ನು ಅವನು ಮಲಗುವ ಕೊಂಬೆಯ ಪಕ್ಕದಲ್ಲೇ ಕಟ್ಟಿ. ಕೋಣೆಯ ಗೋಡೆಯ ಅಂಕಿ ಬೇರೆ, ಆ ಕೊಂಬೆಯ ಅಂಕಿ ಬೇರೆ. ನನ್ನ ಮನೆಯಲ್ಲಿ ಮೂರು ಡಿಗ್ರಿ ವ್ಯತ್ಯಾಸವಿತ್ತು. ರಾತ್ರಿಯ ಕನಿಷ್ಠ 20ಕ್ಕಿಂತ ಮೇಲಿದ್ದರೆ ಆ ರಾತ್ರಿ ನಾನು ಮಂಜು ಬಿಡುವುದಿಲ್ಲ. ಇದು ನಾನು ಹಾಕಿಕೊಂಡ ಗೆರೆ, ವೈದ್ಯೆಯೂ ಒಪ್ಪಿದ್ದಾರೆ. ಹಾಗೆಯೇ ತಂಪು ರಾತ್ರಿಯ ಬೆನ್ನಿಗೆ ಬೆಚ್ಚನೆಯ ಬೆಳಗು ಬರಲೇಬೇಕು. ದೀಪದ ಕೆಳಗೆ 29 ಡಿಗ್ರಿಯ ಒಂದು ಮೂಲೆ ಇಲ್ಲದಿದ್ದರೆ ತಿಂದ ಮಿಡತೆ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯುತ್ತದೆ. ಜೊತೆಗೆ ಮೂಳೆಗಳ ಬಲಕ್ಕೆ ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ, ಇರಬೇಕು.

ಫಲ ಏನು ಎಂದರೆ, ಕಣ್ಣಿಗೆ ಕಾಣುವಂಥದ್ದು. ಮೊದಲು ಅವನ ಮಲದ ಜೊತೆ ಬರುವ ಯೂರೇಟ್, ಅಂದರೆ ಮೂತ್ರದ ಗಟ್ಟಿ ಅಂಶ, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ನೀರು ಸಾಲದಾಗ ಹಾಗಾಗುತ್ತದೆ. ಈಗ ಅದು ಬಿಳಿ. ಗೋಪುರದಂತೆ ಉಬ್ಬಿದ ಕಣ್ಣುಗಳು ತುಂಬಿಕೊಂಡಿವೆ. ಸೋಂಕಿನ ಸಮಯದಲ್ಲಿ 88 ಗ್ರಾಮಿಗೆ ಇಳಿದಿದ್ದ ತೂಕ ಈಗ 107. ರಾತ್ರಿ ನಾಲ್ಕಕ್ಕೆ ಒಮ್ಮೊಮ್ಮೆ ಎದ್ದು ಮಂದವಾದ ಟಾರ್ಚನ್ನು ನೆಲದ ಕಡೆಗೆ ಹಿಡಿದು ನೋಡುತ್ತೇನೆ. ಬಾಲವನ್ನು ಬಿಗಿಯಾಗಿ ಸುತ್ತಿಕೊಂಡು, ಎಳೆ ಎಲೆಯಷ್ಟು ತಿಳಿಹಸಿರಾಗಿ, ಮಂಜಿನ ನಡುವೆ ಗಾಢ ನಿದ್ದೆಯಲ್ಲಿರುತ್ತಾನೆ. ಮೂರು ಕೊಂಬುಗಳ ತುದಿಯಲ್ಲೂ ಒಂದೊಂದು ಹನಿ ಇರುತ್ತದೆ. ಬೆಳಕಾದ ಮೇಲೆ ಎದುರಿನ ಎಲೆಯ ಇಬ್ಬನಿಯನ್ನು ನಿಧಾನವಾಗಿ ನೆಕ್ಕಿ ಕುಡಿಯುವುದು ಅವನ ದಿನದ ಮೊದಲ ಕೆಲಸ.

ಯಮನ್ ಮೂಲದ ವೇಲ್ಡ್ ಅಥವಾ ಮಡಗಾಸ್ಕರಿನ ಪ್ಯಾಂಥರ್ ಊಸರವಳ್ಳಿ ಸಾಕಿದವರಿಗೂ ಇದೇ ಕ್ರಮ. ಅವಕ್ಕೆ ಇಷ್ಟೊಂದು ಚಳಿ ಬೇಡ, ಆದರೆ ಬೆಚ್ಚನೆಯ ರಾತ್ರಿಯಲ್ಲಿ ಮಂಜು ಬಿಡುವುದು ಅವಕ್ಕೂ ಹಿತವಲ್ಲ. ನಿಮ್ಮ ಕೋಣೆಯ ರಾತ್ರಿಯನ್ನು ತಂಪಾಗಿಸಲು ಯಾವ ದಾರಿಯೂ ಇಲ್ಲ ಎಂದಾದರೆ ಈ ಯಂತ್ರ ಕೊಳ್ಳಬೇಡಿ, ಜಾಕ್ಸನ್ ಊಸರವಳ್ಳಿಯನ್ನೂ ತರಬೇಡಿ. ದಾರಿ ಇದೆ ಎಂದಾದರೆ ಕೊಳ್ಳಿ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಪೆಟ್ಟಿಗೆಯ ಮೇಲಿನ ಆ ಸಾಲಿಗಾಗಿ.

ಯಂತ್ರದ ಜೊತೆಗೇ ಒಂದು ಹೆಚ್ಚುವರಿ ಬಿಲ್ಲೆಯನ್ನು ತರಿಸಿಟ್ಟುಕೊಳ್ಳಿ. ನನ್ನದು ಹನ್ನೊಂದನೆಯ ತಿಂಗಳಿನಲ್ಲಿ ಸದ್ದಿಲ್ಲದೆ ಸೋತಿತು, ಹೊಸದು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತೂ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು, ಅವನು ಎಚ್ಚರವಾಗದಂತೆ, ಕೆಳಗಿನ ಎಲೆಗಳಿಗೆ ಮಾತ್ರ ಕೈಯಾರೆ ನೀರು ಚಿಮುಕಿಸಿದ್ದೇನೆ.