ಫೊರೆನ್ಸಿಕ್ ಸೈಕಾಲಜಿ ಓದೋಕೆ ಮೂರು ದಾರಿ, ನನ್ನ ವೋಟು ಸಾದಾ ಎಂ.ಎಸ್ಸಿ.ಗೆ

ಫೊರೆನ್ಸಿಕ್ ಸೈಕಾಲಜಿ ಅಂದರೆ ಅಪರಾಧ, ಕೋರ್ಟು, ಜೈಲಿಗೆ ಸಂಬಂಧಿಸಿದ ಕೆಲಸಕ್ಕೆ ಮನಶ್ಶಾಸ್ತ್ರ ಬಳಸೋದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಸಾದಾ ಸೈಕಾಲಜಿ ಎಂ.ಎಸ್ಸಿ. ಸರ್ಕಾರಿ ವಿಶ್ವವಿದ್ಯಾಲಯದ್ದು, ಎರಡು ವರ್ಷದ್ದು, ಹೆಸರಿನಲ್ಲಿ ಎಲ್ಲೂ 'ಫೊರೆನ್ಸಿಕ್' ಅಂತ ಇಲ್ಲದ್ದು. ಅದಕ್ಕೂ ಮುಂಚೆ ಒಂದು ಖಾಸಗಿ ಸಂಸ್ಥೆಯ ಆನ್‌ಲೈನ್ ಫೊರೆನ್ಸಿಕ್ ಸೈಕಾಲಜಿ ಡಿಪ್ಲೊಮಾಗೆ ದುಡ್ಡು ಕಟ್ಟಿದ್ದೆ. ಮೂರನೆಯದು ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಎಂ.ಎಸ್ಸಿ. ಫೊರೆನ್ಸಿಕ್ ಸೈಕಾಲಜಿ. ಅದನ್ನು ಓದಿದ್ದು ನನ್ನ ಚಿಕ್ಕಮ್ಮನ ಮಗಳು. ಅವಳ ನೋಟ್ಸು ಓದಿದ್ದೇನೆ, ಅವಳ ಜೊತೆ ಜಗಳವನ್ನೂ ಬೇಕಾದಷ್ಟು ಆಡಿದ್ದೇನೆ.

ಸಿಲಬಸ್ ಹೋಲಿಸುತ್ತಾ ಕೂರಬೇಡಿ. ಸಾಕ್ಷಿಯ ನೆನಪು ಎಷ್ಟು ನಂಬಬಹುದು, ಸುಳ್ಳು ಪತ್ತೆ, ಪ್ರೊಫೈಲಿಂಗ್ (ಅಪರಾಧ ನಡೆದ ರೀತಿ ನೋಡಿ ಮಾಡಿದವನು ಎಂಥವನು ಅಂತ ಊಹಿಸೋದು), ಅಪರಾಧಕ್ಕೂ ಮಾನಸಿಕ ಕಾಯಿಲೆಗೂ ಇರೋ ಸಂಬಂಧ, ಇವೆಲ್ಲ ಎಲ್ಲ ಕಡೆಯೂ ಸಿಗುತ್ತವೆ. ಸಾದಾ ಎಂ.ಎಸ್ಸಿ.ಯಲ್ಲಿ ಸ್ವಲ್ಪ ಕಡಿಮೆ ಸಿಗುತ್ತವೆ, ಉಳಿದದ್ದನ್ನು ಲೈಬ್ರರಿಯಲ್ಲಿ ಕೂತು ಓದಿಕೊಳ್ಳಬಹುದು.

ಡಿಪ್ಲೊಮಾದ ವಿಡಿಯೊಗಳು ಚೆನ್ನಾಗಿಯೇ ಇದ್ದವು. ಅಮೆರಿಕದ ಎಫ್‌ಬಿಐನವರು ಪ್ರೊಫೈಲಿಂಗ್ ಹೇಗೆ ಶುರು ಮಾಡಿದರು, ಸೈಕೋಪಥಿ ಅಳೆಯುವ ರಾಬರ್ಟ್ ಹೇರ್ ಅವರ ಪಿಸಿಎಲ್-ಆರ್ ಪಟ್ಟಿಯ 20 ಅಂಶಗಳಿಗೆ ಅಂಕ ಕೊಡೋದು ಹೇಗೆ, ಎಲ್ಲ ಮಜವಾಗಿ ಹೇಳುತ್ತಿದ್ದರು. ಆದರೆ ಅವರ ಪಾಠದಲ್ಲಿ ಕೋರ್ಟ್ ಅಂದರೆ ಜ್ಯೂರಿ. ನಮ್ಮಲ್ಲಿ ಜ್ಯೂರಿ ಹೋಗಿ ಎಷ್ಟು ಕಾಲವಾಯಿತು, ಅಲ್ವಾ? ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಮಾಡಿದ ಕೃತ್ಯದ ಬಗ್ಗೆ ಹೇಳೋ ನಮ್ಮ ಹಳೇ ಐಪಿಸಿ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಅದರ ಮಾತೇ ಇರಲಿಲ್ಲ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ತಲೆ ಕೆಡಿಸಿದ್ದು ಒಂದು ಪತ್ರ.

ಕೋರ್ಸಿನ ಕೊನೆಗೆ ಫೀಲ್ಡ್ ವರ್ಕ್ ಅಂತ ಇತ್ತು. ಎಲ್ಲಿ, ಹೇಗೆ ಅನ್ನೋದನ್ನು ವಿದ್ಯಾರ್ಥಿಯೇ ನೋಡಿಕೊಳ್ಳಬೇಕು. ಸರಿ, ಜೈಲಿನಲ್ಲಿ ಕೌನ್ಸೆಲಿಂಗ್ ನೋಡೋಣ ಅಂತ ಸಂಸ್ಥೆಗೆ ಬರೆದು ಶಿಫಾರಸು ಪತ್ರ ಕೇಳಿದೆ. ಒಂದು ಪಿಡಿಎಫ್ ಬಂತು. ಸ್ಕ್ಯಾನ್ ಮಾಡಿ ಅಂಟಿಸಿದ ಸಹಿ, ಕೆಳಗೆ 'ಅಕಾಡೆಮಿಕ್ ಟೀಮ್'. ಸೀಲಿಲ್ಲ, ಪತ್ರದ ನಂಬರಿಲ್ಲ, ವಿಳಾಸವೂ ಇಲ್ಲ. ಅದನ್ನೇ ಪ್ರಿಂಟ್ ತೆಗೆಸಿ ಜೈಲಿನ ಕಚೇರಿಗೆ ಒಯ್ದೆ. ಟೇಬಲ್ ಆಚೆ ಕೂತಿದ್ದ ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು, "ಇದು ಯಾವ ಯೂನಿವರ್ಸಿಟಿಗೆ ಸೇರಿದ್ದಮ್ಮ? ನಿಮ್ಮ ಎಚ್‌ಒಡಿ ಯಾರು? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಯಾರಿಗೆ ಫೋನ್ ಮಾಡೋದು?"

ಈ ಮೂರು ಪ್ರಶ್ನೆಯನ್ನೂ ಹಾಗೇ ಸಂಸ್ಥೆಗೆ ಕಳಿಸಿದೆ. ಚಾಟ್‌ನಲ್ಲಿದ್ದ ಹುಡುಗ ಮುಂದಿನ ಅಡ್ವಾನ್ಸ್‌ಡ್ ಕೋರ್ಸಿಗೆ ಡಿಸ್ಕೌಂಟ್ ಕೂಪನ್ ಕಳಿಸಿದ! ಮತ್ತೆ ಮತ್ತೆ ಕೇಳಿದ ಮೇಲೆ ಇನ್ನೊಂದು ದಾರಿ ತೋರಿಸಿದರು. ಯಾವುದಾದರೂ ಕ್ರೈಂ ವೆಬ್ ಸೀರೀಸ್ ನೋಡಿ, ಅದರ ಆರೋಪಿಯ ಮೇಲೆ ಕೇಸ್ ಸ್ಟಡಿ ಬರೆದರೂ ನಡೆಯುತ್ತದಂತೆ. ಸರ್ಟಿಫಿಕೇಟ್‌ನಲ್ಲಿ ಅದೂ ಫೀಲ್ಡ್ ವರ್ಕ್ ಅಂತಲೇ ಬರುತ್ತದಂತೆ.

ಆ ಗುಮಾಸ್ತರ ಮೇಲೆ ಆಗ ಸಿಟ್ಟು ಬಂದಿತ್ತು. ಆಮೇಲೆ ಎಂ.ಎಸ್ಸಿ. ಓದುವಾಗ ಅವರ ಪ್ರಶ್ನೆಯ ತೂಕ ಗೊತ್ತಾಯಿತು. ಒಳಗಿರುವ ಎಷ್ಟೋ ಜನ ಇನ್ನೂ ವಿಚಾರಣಾಧೀನ ಕೈದಿಗಳು. ವಕೀಲರ ಹತ್ತಿರ ಹೇಳಿಕೊಂಡ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. ಸೈಕಾಲಜಿಸ್ಟ್ ಹತ್ತಿರ ಹೇಳಿಕೊಂಡಿದ್ದಕ್ಕೆ ಅಂಥ ರಕ್ಷಣೆ ಇಲ್ಲ. ಯಾರ ಸುಪರ್ದಿಯೂ ಇಲ್ಲದ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ ಹಿಡಿದು ಒಳಗೆ ಹೋಗಿ, ಒಬ್ಬ ವ್ಯಕ್ತಿ ತನ್ನ ಕೇಸಿನ ಬಗ್ಗೆ ಏನೋ ಬಾಯಿಬಿಟ್ಟರೆ, ಆ ನೋಟ್‌ಬುಕ್ ಯಾರದ್ದು? ಡಿಪ್ಲೊಮಾದ ಒಂದು ವಿಡಿಯೊದಲ್ಲೂ ಇದು ಬರಲಿಲ್ಲ.

ಸಾದಾ ಎಂ.ಎಸ್ಸಿ. ನಾನು ಮಾಡಿದ್ದು ಮಾನಸಗಂಗೋತ್ರಿಯಲ್ಲಿ. ಮೈಸೂರಿನ ಈ ಸೈಕಾಲಜಿ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ ಮೈಸೂರಿನಲ್ಲಿ 'ಆಕಾಶವಾಣಿ' ರೇಡಿಯೊ ಶುರು ಮಾಡಿದ್ದು. ಇದಕ್ಕೂ ಫೊರೆನ್ಸಿಕ್‌ಗೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ಇಲ್ಲಿಯೂ ಪತ್ರ ಸಲೀಸಾಗಿ ಸಿಕ್ಕಿತು ಅಂದುಕೊಳ್ಳಬೇಡಿ. ಎಚ್‌ಒಡಿ ಸಹಿ, ಸೀಲು, ಔಟ್‌ವರ್ಡ್ ನಂಬರು ಎಲ್ಲ ಹಾಕಿಸಿ ಕೊಟ್ಟ ಮೇಲೂ ಫೈಲು ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಐಡಿ ಕಾರ್ಡ್ ಜೆರಾಕ್ಸ್ ಕೇಳಿ ವಾಪಸ್ ಬಂತು. ಮತ್ತೆ ಹೋಯಿತು. ಪರೀಕ್ಷೆ ಹತ್ತಿರ ಬಂದಿತ್ತು, ನಾನು ಆಸೆ ಬಿಟ್ಟಿದ್ದೆ. ಕೊನೆಗೂ ಅನುಮತಿ ಬಂತು. ಮೇಡಂ ಒಬ್ಬರು ನಮ್ಮ ಜೊತೆಗೇ ಬಾಲಕರ ವೀಕ್ಷಣಾಲಯಕ್ಕೆ (ಅಪರಾಧದ ಆರೋಪ ಹೊತ್ತ ಹುಡುಗರನ್ನು ಇರಿಸುವ ಜಾಗ) ಬಂದು ಪಕ್ಕದಲ್ಲಿ ಕೂತರು. ಡಿಪ್ಲೊಮಾ ಫೀಸಿಗಿಂತ ಕಡಿಮೆ ದುಡ್ಡಿಗೆ!

2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, 16 ವರ್ಷ ದಾಟಿದ ಹುಡುಗ ಘೋರ ಅಪರಾಧದ ಆರೋಪ ಹೊತ್ತು ಬಂದರೆ ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಅಪರಾಧ ಮಾಡುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತಾ, ಪರಿಣಾಮ ಗೊತ್ತಿತ್ತಾ, ಯಾವ ಸಂದರ್ಭದಲ್ಲಿ ಮಾಡಿದ ಅಂತ ನೋಡಬೇಕು. ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಬೇಕೋ ಬೇಡವೋ ಅನ್ನೋದು ಇದರ ಮೇಲೆ ನಿಲ್ಲುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಜಿಲ್ಲೆಗಳಲ್ಲಿ ಫೊರೆನ್ಸಿಕ್ ಸೈಕಾಲಜಿಯ ನಿಜವಾದ ಕೆಲಸ ನನಗೆ ಕಂಡಿದ್ದು ಇಲ್ಲೇ.

ಈ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ಪಿಸಿಎಲ್-ಆರ್ ಅಲ್ಲವೇ ಅಲ್ಲ, ಲ್ಯಾಬಿನ ಬೀರುವಿನಲ್ಲಿದ್ದ ಬಿನೆ-ಕಾಮತ್ ಬುದ್ಧಿಪರೀಕ್ಷೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಮಾಡಿದ್ದು. ಹಳೆಯದಾಗಿದೆ ಅಂತ ಬೈಯುವವರಿದ್ದಾರೆ, ಅದರಲ್ಲಿ ಸತ್ಯವೂ ಇದೆ. ಆದರೂ ಹುಡುಗನಿಗೆ ಪ್ರಶ್ನೆ ಅರ್ಥವಾಗುತ್ತದೆ. ಇಂಗ್ಲಿಷ್‌ನಿಂದ ಇಳಿಸಿದ ಪ್ರಶ್ನಾವಳಿ ಓದಿದರೆ ಈ ಹುಡುಗರು ಎಲ್ಲದಕ್ಕೂ "ಹೂಂ ಮೇಡಂ" ಅನ್ನುತ್ತಾರೆ. ಗೊತ್ತಿತ್ತಾ? ಹೂಂ. ಗೊತ್ತಿರಲಿಲ್ವಾ? ಹೂಂ. ಒಂದೇ ವಿಷಯವನ್ನು ತಿರುಗಿಸಿ ಕೇಳಿ, ಸುಮ್ಮನೆ ಕಾಯೋದನ್ನು ಮೇಡಂ ಪಕ್ಕದಲ್ಲಿ ಕೂತು ಕಲಿಸಿದರು.

ಈಗ ಗಾಂಧಿನಗರ. ಲ್ಯಾಬ್ ವಿಷಯದಲ್ಲಿ ಅದಕ್ಕೆ ನಮ್ಮ ವಿಭಾಗ ಹತ್ತಿರಕ್ಕೂ ಬರೋದಿಲ್ಲ. ಸುಳ್ಳು ಪತ್ತೆಯ ಪಾಲಿಗ್ರಾಫ್ ಯಂತ್ರ ಮುಟ್ಟಿ ಕಲಿಯಬಹುದು. ನಿಮ್ಹಾನ್ಸ್‌ನಲ್ಲಿದ್ದ ಸಿ. ಆರ್. ಮುಕುಂದನ್ ರೂಪಿಸಿದ ಬಿಇಒಎಸ್ ಎಂಬ ಮೆದುಳಿನ ಪರೀಕ್ಷೆಯನ್ನೂ ಕಲಿಸುತ್ತಾರೆ. ಪ್ರವೇಶಕ್ಕೆ ಎನ್‌ಎಫ್‌ಎಟಿ ಪರೀಕ್ಷೆ ಬರೆಯಬೇಕು. ಊಟ: ದಾಲ್‌ಗೆ ಬೆಲ್ಲ.

ನನ್ನ ತಕರಾರು ಒಂದೇ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ (ಮಂಪರು ಪರೀಕ್ಷೆ), ಪಾಲಿಗ್ರಾಫ್, ಬಿಇಒಎಸ್‌ನಂಥ ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಅಂದಿತು. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ, ಅದರಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನಷ್ಟೇ ಕೋರ್ಟ್ ತೆಗೆದುಕೊಳ್ಳಬಹುದು. ಹಾಗಾಗಿ ಯಂತ್ರದ ಕೌಶಲಕ್ಕೆ ಗಿರಾಕಿ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಗಳು, ಅಲ್ಲಿ ಸೈಕಾಲಜಿ ಹುದ್ದೆಗಳು ಬೆರಳೆಣಿಕೆಯಷ್ಟು. ತಂಗಿ ಒಪ್ಪುವುದಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು, ಕೆಲಸ ಜಾಸ್ತಿ ಆಗುತ್ತೆ ಅಂತಾಳೆ. ಆಗಬಹುದು ಕಣೇ, ಆದರೆ ಸ್ಥಳದಲ್ಲಿ ಸಿಗೋದು ರಕ್ತ, ಬೆರಳಚ್ಚು, ಮೊಬೈಲು. ಅದು ಬಯಾಲಜಿಯವರಿಗೆ, ಸೈಬರ್‌ನವರಿಗೆ ಹೋಗೋ ಕೆಲಸ ಅಂತ ನನ್ನ ವಾದ.

ಇನ್ನೊಂದು ಲೆಕ್ಕ ಲೈಸೆನ್ಸ್‌ನದ್ದು. ಬ್ರಿಟನ್ನಿನಲ್ಲಿ 'ಫೊರೆನ್ಸಿಕ್ ಸೈಕಾಲಜಿಸ್ಟ್' ಅಂತ ಹಾಕಿಕೊಳ್ಳಲು ಅಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ ಎಚ್‌ಸಿಪಿಸಿಯಲ್ಲಿ ನೋಂದಣಿ ಬೇಕು. ನಮ್ಮಲ್ಲಿ ಆ ಹೆಸರಿಗೆ ಪ್ರತ್ಯೇಕ ನೋಂದಣಿ ಇಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆ. ಅದಕ್ಕೆ ಇಷ್ಟು ವರ್ಷ ಇದ್ದ ದೊಡ್ಡ ದಾರಿ ಎಂ.ಫಿಲ್. ಯುಜಿಸಿ 2022ರಲ್ಲಿ ಎಂ.ಫಿಲ್. ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತು. ಮುಂದೆ ಸೈ.ಡಿ.ಯಂಥ (ಡಾಕ್ಟರ್ ಆಫ್ ಸೈಕಾಲಜಿ) ಕೋರ್ಸುಗಳೇ ಗತಿ. ಅಲ್ಲಿಗೆ ಹೋಗುವ ಮನಸ್ಸಿದ್ದರೆ ರೆಗ್ಯುಲರ್ ಸೈಕಾಲಜಿ ಡಿಗ್ರಿ ಕೈಯಲ್ಲಿರೋದು ಕ್ಷೇಮ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ನಡೆಸಬಾರದು ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿಯೂ ಆಗಿದೆ.

ನನ್ನ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೆಕಾರ್ಡ್ ಮಾಡಿದ ಪಾಠ ನಾನು ಮುಗಿಸುವವಳಲ್ಲ, ಹಾಜರಿ ಕೂಗುವವರು ಬೇಕು. ಮನೆಯಲ್ಲಿ ಅಪ್ಪನ ಸಾಲ ಇತ್ತು, ಊರು ಬಿಟ್ಟು ದೂರ ಹೋಗುವ ಹಾಗಿರಲಿಲ್ಲ, ಕೆಲಸ ಕನ್ನಡದಲ್ಲೇ ಮಾಡುವ ಆಸೆ. ನಿಮಗೆ ಯಂತ್ರ ಇಷ್ಟವಿದ್ದು, ಪ್ರಯೋಗಾಲಯದ ಹುದ್ದೆಗೆ ಕಾಯುವ ತಾಳ್ಮೆಯಿದ್ದು, ಮನೆಯಲ್ಲಿ ದುಡ್ಡಿನ ಅನುಕೂಲವೂ ಇದ್ದರೆ ತಂಗಿಯ ದಾರಿ ಹಿಡಿಯಿರಿ. ಅದೇ ವಿಶ್ವವಿದ್ಯಾಲಯದ ಕ್ಯಾಂಪಸ್ ಈಗ ಧಾರವಾಡದಲ್ಲೂ ಇದೆ. ಎಲ್ಲ ಕ್ಯಾಂಪಸ್‌ನಲ್ಲೂ ಎಲ್ಲ ಕೋರ್ಸ್ ಇರೋದಿಲ್ಲ, ಹಾಗಾಗಿ ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ಅರ್ಜಿ ಹಾಕಿ. ಯಾವ ಕಡೆ ಸೇರುವುದಿದ್ದರೂ ಫೀಸು ಕಟ್ಟುವ ಮುಂಚೆ, ಹೋದ ವರ್ಷದ ಹುಡುಗರು ಫೀಲ್ಡ್ ವರ್ಕ್‌ಗೆ ಎಲ್ಲಿಗೆ ಹೋಗಿದ್ದರು, ಪತ್ರಕ್ಕೆ ಸಹಿ ಹಾಕಿದವರು ಯಾರು ಅಂತ ಸೀನಿಯರ್‌ಗಳನ್ನೇ ಕೇಳಿ. ಕಚೇರಿಯವರನ್ನು ಕೇಳಿದರೆ ಬ್ರೋಷರ್ ಕೊಡುತ್ತಾರೆ.